ಕ್ರೌನಿಗೆ ಹಾಕಿದ ಆಯಿಲನ್ನೇ ಗೇರ್ ಬಾಕ್ಸಿಗೂ ಹಾಕಿದೆ, ಎರಡನೇ ಗೇರ್ ಕರಕರ ಎನ್ನುತ್ತಿದೆ

ಹಳೆಯ ಗಾಡಿ:

ನನ್ನದು ಹಿಂದಿನ ಚಕ್ರಗಳು ಓಡಿಸುವ ಹಳೆಯ ಗಾಡಿ, ಐದು ಗೇರ್. ಮೂರು ವಾರದ ಹಿಂದೆ ನಾನೇ ಕೆಳಗೆ ನುಸುಳಿ ಗೇರ್ ಬಾಕ್ಸ್, ಕ್ರೌನ್ (ಹಿಂದಿನ ಆಕ್ಸಲಿನ ನಡುವಿನ ಡಿಫರೆನ್ಷಿಯಲ್) ಎರಡರ ಆಯಿಲನ್ನೂ ಬದಲಿಸಿದೆ. ಗೇರ್ ಬಾಕ್ಸಿನಿಂದ ಇಳಿದದ್ದು ತಿಳಿ ಕಂದು, ಕ್ರೌನಿನಿಂದ ಇಳಿದದ್ದು ಕಾಡಿಗೆ. ಎರಡಕ್ಕೂ ಒಂದೇ ಡಬ್ಬದಿಂದ 80ಡಬ್ಲ್ಯೂ-90 ಜಿಎಲ್-5 ಸುರಿದೆ (ಮೊದಲಿನ ಅಂಕಿಗಳು ಆಯಿಲಿನ ದಪ್ಪ, ಜಿಎಲ್ ಅದರ ದರ್ಜೆ). ಡಬ್ಬ ಕೊಟ್ಟವರು "ತೊಂಬತ್ತು ಅಂದರೆ ತೊಂಬತ್ತು, ಜಿಎಲ್ ನಾಲ್ಕಕ್ಕಿಂತ ಐದು ಮೇಲು" ಎಂದಿದ್ದರು. ಲೆಕ್ಕ ನನಗೂ ಸರಿಯೆನಿಸಿತ್ತು.

ಈಗ ಬೆಳಿಗ್ಗೆ ಹೊರಟ ಮೊದಲ ನಾಲ್ಕೈದು ಕಿಲೋಮೀಟರ್ ಮೂರರಿಂದ ಎರಡಕ್ಕೆ ಇಳಿಸುವಾಗಲೆಲ್ಲ ಕರ್ ಎಂದು ಹಲ್ಲು ಕಡಿದ ಸದ್ದು. ಕೋಲನ್ನು ಎರಡರ ಕಡೆಗೆ ಮೆಲ್ಲಗೆ ಒತ್ತಿ ಒಂದು ಕ್ಷಣ ತಡೆದರೆ ಸುಮ್ಮನೆ ಕೂರುತ್ತದೆ. ಬಿಸಿಯಾದ ಮೇಲೆ ಕಡಿಮೆ, ಆದರೆ ಪೂರ್ತಿ ಹೋಗುವುದಿಲ್ಲ. ಬದಲಿಸುವ ಮೊದಲು ಈ ಕಾಟ ಇರಲೇ ಇಲ್ಲ. ನಿನ್ನೆ ಕೈಪಿಡಿ ತೆಗೆದು ನೋಡಿದರೆ ಗೇರ್ ಬಾಕ್ಸಿಗೆ 75ಡಬ್ಲ್ಯೂ-90 ಜಿಎಲ್-4, ಕ್ರೌನಿಗೆ ಜಿಎಲ್-5 ಎಂದು ಬೇರೆಬೇರೆಯಾಗಿಯೇ ಬರೆದಿದೆ.

ತಪ್ಪು ಆಯಿಲಿನದೋ, ಕ್ಲಚ್ ಇದೇ ಹೊತ್ತಿಗೆ ಕೈಕೊಟ್ಟಿತೋ? ಮೂರು ವಾರದಲ್ಲಿ ಒಳಗಿನ ಹಿತ್ತಾಳೆ ತಿಂದುಹೋಗಿರುತ್ತದೆಯೇ? ಸೀಮೆಎಣ್ಣೆ ಹಾಕಿ ತೊಳೆಯಬೇಕೇ?

ಗ್ರೀಸ್ ಕೈ:

ಇಪ್ಪತ್ತೆಂಟು ವರ್ಷ ಗೇರ್ ಬಾಕ್ಸ್ ಬಿಚ್ಚಿ ಕಟ್ಟುವುದೇ ನನ್ನ ಕೆಲಸವಾಗಿತ್ತು. "ಐದು ಮೇಲು" ಎಂಬ ಮಾತು ಕೇಳಿದಾಗಲೆಲ್ಲ ಸ್ಪ್ಯಾನರ್ ಎಸೆಯಬೇಕೆನಿಸುತ್ತಿತ್ತು.

ಮೊದಲು ಕ್ಲಚ್ಚನ್ನು ಅನುಮಾನದಿಂದ ಹೊರಗಿಡಿ. ಗಾಡಿ ನಿಂತಿರಲಿ, ಎಂಜಿನ್ ಸಣ್ಣಗೆ ಓಡುತ್ತಿರಲಿ. ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಇಂಥ ಹಳೆಯ ಬಾಕ್ಸುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೋ ರಿಂಗ್ (ಗೇರ್ ಕೂರುವ ಮೊದಲು ವೇಗ ಸಮ ಮಾಡುವ ರಿಂಗು) ಇರುವುದಿಲ್ಲ. ಅಷ್ಟು ಕಾದ ಮೇಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಸದ್ದಿಲ್ಲದೆ ಕೂತರೆ ಅನುಮಾನ ಆಯಿಲಿನ ಮೇಲೆ.

ಸಿಂಕ್ರೋ ರಿಂಗನ್ನು ಒಮ್ಮೆ ಕೈಯಲ್ಲಿ ಹಿಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಬಳೆಯಷ್ಟಿರುವ ಹಿತ್ತಾಳೆಯ ರಿಂಗು, ಒಳಮೈಯಲ್ಲಿ ಉಗುರಿಗೆ ತಾಗುವಷ್ಟು ನವಿರಾದ ಗೆರೆಗಳು, ಥೇಟ್ ಬೋಲ್ಟಿನ ಸುತ್ತುಗೆರೆಗಳ ಹಾಗೆ. ನೀವು ಕೋಲು ಒತ್ತಿದಾಗ ಅದು ಗೇರಿನ ಉಕ್ಕಿನ ಕೋನಿನ ಮೇಲೆ ಕೂರುತ್ತದೆ. ಆ ಗೆರೆಗಳು ನಡುವಿನ ಆಯಿಲನ್ನು ಬಳಿದು ಹಾಕಿದರೆ ಮಾತ್ರ ಹಿತ್ತಾಳೆ ಉಕ್ಕನ್ನು ಕಚ್ಚಿ ಹಿಡಿದು ಎರಡರ ವೇಗ ಸಮ ಮಾಡುತ್ತದೆ. ಅಂದರೆ ಅದಕ್ಕೆ ಹಿಡಿತ ಬೇಕು. ಆಯಿಲ್ ಅತಿ ನುಣುಪಾದರೆ ರಿಂಗು ಜಾರುತ್ತದೆ, ವೇಗ ಸಮವಾಗುವ ಮೊದಲೇ ನೀವು ಕೋಲು ತಳ್ಳಿರುತ್ತೀರಿ, ಹಲ್ಲಿಗೆ ಹಲ್ಲು ಬಡಿಯುತ್ತದೆ. ಒಂದು ಕ್ಷಣ ತಡೆದರೆ ಸರಿಯಾಗುತ್ತದೆ ಎಂದಿರಲ್ಲ, ಆ ಜಾರುವ ರಿಂಗಿಗೆ ನೀವು ಕೊಡುತ್ತಿರುವ ಪುರುಸೊತ್ತೇ ಅದು.

ಕ್ರೌನಿನ ಬದುಕು ತದ್ವಿರುದ್ಧ. ಪಿನಿಯನ್, ಅಂದರೆ ಕ್ರೌನಿನ ದೊಡ್ಡ ಗೇರನ್ನು ತಿರುಗಿಸುವ ಚಿಕ್ಕ ಗೇರು, ಅದರ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗೆ ಸೇರುತ್ತದೆ. ಅದಕ್ಕೇ ಹೈಪಾಯ್ಡ್ ಎನ್ನುವುದು. ಹಲ್ಲುಗಳು ಉರುಳುವುದರ ಜೊತೆಗೆ ಭಾರ ಹೊತ್ತುಕೊಂಡೇ ಉಜ್ಜಿಕೊಂಡು ಜಾರುತ್ತವೆ. ಬರೀ ಆಯಿಲಿನ ಪದರ ಅಲ್ಲಿ ನಿಲ್ಲುವುದಿಲ್ಲ. ಗಂಧಕ, ರಂಜಕ ಬೆರೆಸಿದ ಇಪಿ (ಅತಿ ಒತ್ತಡ ತಾಳುವ) ಮದ್ದು ಆ ಬಿಸಿಗೆ ಉಕ್ಕಿನೊಂದಿಗೆ ಸೇರಿ ತೆಳು ಪದರ ಕಟ್ಟುತ್ತದೆ, ಹಲ್ಲಿನ ಬದಲು ಆ ಪದರ ಸವೆಯುತ್ತದೆ. ಜಿಎಲ್-5ರಲ್ಲಿ ಈ ಮದ್ದು ಜಿಎಲ್-4ಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕ್ರೌನಿಗೆ ಜಿಎಲ್-4 ಹಾಕುವ ತಪ್ಪು ನಿಮ್ಮ ತಪ್ಪಿಗಿಂತ ದೊಡ್ಡದು. ಅಲ್ಲಿ ಹಲ್ಲೇ ಹೋಗುತ್ತದೆ.

ತೊಂಬತ್ತು ಹೇಳುವುದು ದಪ್ಪವನ್ನು ಮಾತ್ರ, 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಗಟ್ಟಿ ಎಂಬುದನ್ನು. 75ಡಬ್ಲ್ಯೂ, 80ಡಬ್ಲ್ಯೂ ಹೇಳುವುದು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಮೊದಲನೆಯದರ ಪರೀಕ್ಷೆ ಮೈನಸ್ 40ರಲ್ಲಿ, ಎರಡನೆಯದರದು ಮೈನಸ್ 26ರಲ್ಲಿ. ಬೆಳಗಿನ ಸದ್ದಿಗೆ ಇದೂ ಸ್ವಲ್ಪ ಕಾರಣ. ಇವೆರಡರಲ್ಲಿ ಯಾವ ಅಂಕಿಯೂ ಒಳಗೆ ಯಾವ ಮದ್ದಿದೆ ಎಂದು ಹೇಳುವುದಿಲ್ಲ. ಅಂದಹಾಗೆ, 90 ಕೇಳಿ ಡಾಂಬರೆಂದು ಹೆದರುವವರಿದ್ದಾರೆ. ಗೇರ್ ಆಯಿಲಿನ ಅಳತೆಪಟ್ಟಿಯೇ ಬೇರೆ, ಅದರ 90 ಎಂದರೆ ಎಂಜಿನ್ ಆಯಿಲಿನ 40, 50ರ ಆಸುಪಾಸು.

ಸೀಮೆಎಣ್ಣೆ ಬೇಡವೇ ಬೇಡ. ಮೂಲೆಗಳಲ್ಲಿ ಉಳಿದು ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಗಾಡಿ ಓಡಿಸಿ ಬಿಸಿಯಾದಾಗ ಇಳಿಸಿ. ಇಳಿಸುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ನೋಡಿಕೊಳ್ಳಿ. ಆಯಿಲೆಲ್ಲ ಇಳಿಸಿ, ಮೇಲಿನ ಬೋಲ್ಟ್ ತುಕ್ಕು ಹಿಡಿದು ಅಲುಗದೆ, ಗಾಡಿಯನ್ನು ಅಲ್ಲೇ ಬಿಟ್ಟು ಸುತ್ತಿಗೆ ಹುಡುಕಿಕೊಂಡು ಹೋದವನು ನಾನು.

ಲೇಬಲ್ ಓದುವವ:

ಹಿರಿಯರ ಮಾತಿಗೆ ಅಡ್ಡ ಬರುತ್ತಿಲ್ಲ, ಆದರೆ "ಜಿಎಲ್-5 ಹಿತ್ತಾಳೆ ತಿನ್ನುತ್ತದೆ" ಎಂಬ ಭಯ ಸ್ವಲ್ಪ ಹಳತು. ಈಗಿನವುಗಳಿಗೆ ಹಿತ್ತಾಳೆಯಲ್ಲಿರುವ ತಾಮ್ರ ಕಾಯುವ ಮದ್ದನ್ನೂ ಬೆರೆಸುತ್ತಾರೆ, ಬಿಸಿ ಆಯಿಲಿನಲ್ಲಿ ತಾಮ್ರದ ಪಟ್ಟಿ ಮುಳುಗಿಸಿಟ್ಟು ಎಷ್ಟು ಕಪ್ಪಾಯಿತೆಂದು ನೋಡುತ್ತಾರೆ. ಜಿಎಲ್-4, ಜಿಎಲ್-5 ಎರಡನ್ನೂ ಒಟ್ಟಿಗೆ ಬರೆದ ಡಬ್ಬಗಳೂ ಇವೆ.

ಮುಂದಿನ ಚಕ್ರ ಓಡಿಸುವ ಕಾರಿನವರು ಇದನ್ನು ಓದಿ ಗೊಂದಲಕ್ಕೆ ಬೀಳಬೇಡಿ. ಅಲ್ಲಿ ಎಂಜಿನ್ ಅಡ್ಡ ಕೂತಿದ್ದರೆ ಡಿಫರೆನ್ಷಿಯಲ್ ಗೇರ್ ಬಾಕ್ಸಿನ ಒಳಗೇ ಇರುತ್ತದೆ, ಹಲ್ಲುಗಳು ಸಾಮಾನ್ಯವಾಗಿ ಹೈಪಾಯ್ಡ್ ಅಲ್ಲ, ಎರಡಕ್ಕೂ ಒಂದೇ ಆಯಿಲ್. ಕೆಲವು ಮ್ಯಾನುವಲ್ ಬಾಕ್ಸುಗಳು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಕೇಳುತ್ತವೆ. ಕ್ರೌನಿನಲ್ಲಿ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದಕ್ಕೆಂದೇ ಬರೆದ ಆಯಿಲ್ ಬೇಕು.

ಗ್ರೀಸ್ ಕೈ:

ಒಪ್ಪಿದೆ, ಮೂರು ವಾರದಲ್ಲಿ ಯಾವ ಹಿತ್ತಾಳೆಯೂ ತಿಂದುಹೋಗುವುದಿಲ್ಲ. ಆದರೆ ತಾಮ್ರದ ಪಟ್ಟಿ ಕಪ್ಪಾಗಲಿಲ್ಲ ಎಂದ ಮಾತ್ರಕ್ಕೆ ರಿಂಗು ಕಚ್ಚುತ್ತದೆ ಎಂದಾಗಲಿಲ್ಲ. ಆ ಪಟ್ಟಿಗೆ ಗೇರ್ ಬದಲಿಸುವ ಕೆಲಸವಿಲ್ಲ.

ಹಳೆಯ ಗಾಡಿ:

ರಿವರ್ಸ್ ಸದ್ದಿಲ್ಲದೆ ಕೂತಿತು, ಕ್ಲಚ್ ಪಾರು. ಇವತ್ತು ಆಯಿಲ್ ಇಳಿಸಿದೆ. ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ, ಅಂಗಿಯಿಂದ ಇನ್ನೂ ಹೋಗಿಲ್ಲ. ಡ್ರೇನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಬಿಟ್ಟು ಬೇರೇನೂ ಇರಲಿಲ್ಲ. ಹಾಗಾದರೆ ಸಿಂಕ್ರೋ ರಿಂಗುಗಳು ಸುರಕ್ಷಿತ ಎಂದುಕೊಳ್ಳಲೇ?

ಗ್ರೀಸ್ ಕೈ:

ಹಿತ್ತಾಳೆ ಅಯಸ್ಕಾಂತಕ್ಕೆ ಯಾವಾಗ ಅಂಟಿತು, ಮಹರಾಯರೇ? ಬೂದು ಕೆಸರು ಉಕ್ಕಿನ ಮಾಮೂಲಿ ಸವೆತ, ಚಕ್ಕೆ ಇಲ್ಲದಿದ್ದರೆ ಸರಿ. ಇಳಿಸಿದ ಆಯಿಲ್ ಚೆಲ್ಲಿಲ್ಲ ತಾನೇ? ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ.

ಹೊಸದನ್ನು ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಬೇಕು. ಮುಂದೆ ಮಾತ್ರ ಜಾಕ್ ಕೊಟ್ಟು ಎತ್ತಿದರೆ ಮಟ್ಟ ತಪ್ಪುತ್ತದೆ. ಫಿಲ್ಲರ್ ತೂತಿನ ಕೆಳ ಅಂಚಿನಿಂದ ಆಯಿಲ್ ಹೊರಗೆ ಜಿನುಗಿದರೆ ಸಾಕು. ಬೋಲ್ಟಿನ ವಾಷರ್ ಹೊಸದಿರಲಿ.

ಹಳೆಯ ಗಾಡಿ:

ಸೋಸಿದೆ. ಹಳೆಯ ಪಂಚೆಯ ತುಂಡಿನ ಮೇಲೆ ಹೊನ್ನಿನ ಬಣ್ಣದ ಚುಕ್ಕೆಗಳು, ಓರೆಯಾಗಿ ಹಿಡಿದಾಗ ಮಾತ್ರ ಮಿನುಗುವಂಥವು, ಎಣಿಸಿದರೆ ಹತ್ತು ಹನ್ನೆರಡು. ಉಗುರಿಗೆ ಸಿಗುವ ಚೂರು ಒಂದೂ ಇಲ್ಲ.

75ಡಬ್ಲ್ಯೂ-90 ಜಿಎಲ್-4 ತುಂಬಿ ಅರವತ್ತು ಕಿಲೋಮೀಟರ್ ಓಡಿಸಿದೆ. ಇವತ್ತು ಬೆಳಿಗ್ಗೆ ಮೊದಲ ತಿರುವಿನಲ್ಲಿ ಎರಡಕ್ಕೆ ಇಳಿಸುವಾಗ ಒಮ್ಮೆ ಮಾತ್ರ ಸಣ್ಣಗೆ ಗೊಣಗಿತು, ಆಮೇಲೆ ಸದ್ದಿಲ್ಲ. ಕ್ರೌನನ್ನು ಮುಟ್ಟಿಲ್ಲ. ಉಳಿದ ಅರ್ಧ ಡಬ್ಬ ಜಿಎಲ್-5ರ ಮೇಲೆ ಮಾರ್ಕರಿನಲ್ಲಿ "ಕ್ರೌನಿಗೆ ಮಾತ್ರ" ಎಂದು ಬರೆದು ಮೇಲಿನ ಅಟ್ಟಕ್ಕೆ ಹಾಕಿದ್ದೇನೆ.

ಗ್ರೀಸ್ ಕೈ:

ಆ ಚುಕ್ಕೆಗಳಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ, ಈ ವಯಸ್ಸಿನ ಬಾಕ್ಸಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಬಟ್ಟೆಯನ್ನು ಎತ್ತಿಡಿ, ಮುಂದಿನ ಸಲ ಬದಲಿಸಿದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.