ಬೈನರಿ ಸರ್ಚ್: 9800 ಪಟ್ಟಿಯಲ್ಲೇ ಇದೆ, ಆದರೂ ‘ಇಲ್ಲ’ ಅನ್ನುತ್ತದೆ

ಬ್ಯಾಡಗಿ_ಕಡ್ಡಿ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಕಾಕಾನ ದಲಾಲಿ ಅಂಗಡಿಗೆ ಮೆಣಸಿನಕಾಯಿ ಕ್ವಿಂಟಲ್ ದರ ಹುಡುಕುವ ಪ್ರೋಗ್ರಾಂ ಬರೆದೆ. ಬೈನರಿ ಸರ್ಚ್, ಅಂದರೆ ಪಟ್ಟಿಯ ನಡುವೆ ನೋಡಿ, ಪ್ರತಿ ಸಲ ಅರ್ಧ ಬಿಟ್ಟು ಉಳಿದರ್ಧದಲ್ಲಿ ಹುಡುಕುವುದು. 31000 ಸಿಗುತ್ತದೆ, 12500 ಸಿಗುತ್ತದೆ. 9800 ಮಾತ್ರ ಸಿಗುವುದಿಲ್ಲ. ಪಟ್ಟಿ ಸಾರ್ಟ್ ಮಾಡಿದ್ದೇನೆ, ಚಿಕ್ಕದರಿಂದ ದೊಡ್ಡದಕ್ಕೆ. ಕೋಡ್ ಸರಿಯಾಗಿಯೇ ಇದೆ.

ಗದಗ_ಲಿನಕ್ಸ್: ಲೋ, ಹೈ (ಹುಡುಕುವ ಭಾಗದ ಎರಡು ತುದಿ) ಕೂಡಿಸಿ ಅರ್ಧ ಮಾಡಿ ಮಿಡ್ (ನಡು) ತೆಗೆದಿದ್ದೀಯಾ? ಅಲ್ಲೇ ಓವರ್‌ಫ್ಲೋ, ಮೊತ್ತ ಸಂಖ್ಯೆಯ ಮಿತಿ ದಾಟಿಬಿಡುತ್ತದೆ. ಜಾವಾ ಲೈಬ್ರರಿಯಲ್ಲೇ ಈ ತಪ್ಪು ಇತ್ತು, 2006ರಲ್ಲಿ ಬಯಲಾಯಿತು.

ನವನಗರ_ಕೋಡರ್: ಯಾವ ಭಾಷೆ ಅಂತ ಕೇಳದೆಯೇ ಓವರ್‌ಫ್ಲೋನಾ?

ಬ್ಯಾಡಗಿ_ಕಡ್ಡಿ: ಪೈಥಾನ್. ಗೊತ್ತಿರುತ್ತೆ ಅಂದುಕೊಂಡೆ.

ನವನಗರ_ಕೋಡರ್: ಪೈಥಾನ್‌ನ ಇಂಟ್‌ಗೆ (ಪೂರ್ಣಾಂಕಕ್ಕೆ) ಆ ಮಿತಿಯೇ ಇಲ್ಲ.

ಗದಗ_ಲಿನಕ್ಸ್: ನಂಪೈ ಲೈಬ್ರರಿ ಬಳಸಿದರೆ ಇದೆ.

ಬ್ಯಾಡಗಿ_ಕಡ್ಡಿ: ಬಳಸಿಲ್ಲ ಅಣ್ಣಾ.

ಗದಗ_ಲಿನಕ್ಸ್: ಆದರೂ ಮಿಡ್ ಸಾಲು ಬದಲಿಸಿ ನೋಡು. ನಿನ್ನ ಗಂಟೇನು ಹೋಗುತ್ತೆ?

ನವನಗರ_ಕೋಡರ್: ಲೋ, ಹೈ ಅಂದರೆ ಸ್ಥಾನಗಳು, ದರ ಅಲ್ಲ. ಜಾವಾದಲ್ಲೂ ಅವುಗಳ ಮೊತ್ತ 214 ಕೋಟಿ ದಾಟಬೇಕು. ಅಷ್ಟು ಚೀಲ ಬ್ಯಾಡಗಿಯಲ್ಲೂ ಬರುವುದಿಲ್ಲ.

ಹಾವೇರಿ_ಮಾಸ್ತರ: ತಮ್ಮಾ, ಒಂದು ಹಾಳೆ ತಗೋ. ಲೋ, ಹೈ, ಮಿಡ್ ಅಂತ ಮೂರು ಮನೆ ಹಾಕಿ ಪ್ರತಿ ಸುತ್ತಿಗೂ ಬರೆ. ಸಾರ್ಟ್ ಆದಮೇಲಿನ ಪಟ್ಟಿಯನ್ನು ಪ್ರಿಂಟ್ ಮಾಡಿ ಇಲ್ಲಿ ಹಾಕು. ನೆನಪಿನಿಂದ ಬರೆಯಬೇಡ.

ಬ್ಯಾಡಗಿ_ಕಡ್ಡಿ: ಸಾರ್ಟ್ ಆಗಿದೆ ಅಂತ ಎಷ್ಟು ಸಲ ಹೇಳಲಿ! ಇಗೋ: 12500, 18200, 24000, 31000, 9800. ಅಯ್ಯೋ.

ಹಾವೇರಿ_ಮಾಸ್ತರ: ಮೊದಲ ಮಿಡ್ 24000. ಅದಕ್ಕಿಂತ 9800 ಕಡಿಮೆ, ಹಾಗಾಗಿ ಎಡಕ್ಕೆ ಹೋಯಿತು. ಅದು ಕೂತಿರುವುದು ಬಲತುದಿಯಲ್ಲಿ. ದರಗಳನ್ನು ಎಲ್ಲಿಂದ ಓದಿದೆ?

ಬ್ಯಾಡಗಿ_ಕಡ್ಡಿ: ಸಿಎಸ್‌ವಿ ಫೈಲ್‌ನಿಂದ, ಕೋಷ್ಟಕವನ್ನು ಬರೀ ಅಕ್ಷರಗಳಲ್ಲಿ ಇಡುವ ಫೈಲ್. ಹೋಲಿಸುವಾಗ ಎರರ್ ಬಂತು, ಅದಕ್ಕೆ ಆ ಸಾಲಿನಲ್ಲಿ ಮಾತ್ರ ಇಂಟ್ ಹಾಕಿದೆ. ಅದನ್ನೂ ಹೇಳಬೇಕಿತ್ತಾ?

ನವನಗರ_ಕೋಡರ್: ಅದನ್ನೇ ಹೇಳಬೇಕಿತ್ತು ಮಾರಾಯ! ಸಾರ್ಟ್ ಆಗುವಾಗ ಎಲ್ಲ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಅದು ಬೆಲೆ ನೋಡುವುದಿಲ್ಲ, ಮೊದಲ ಅಕ್ಷರ ನೋಡುತ್ತದೆ. 1 ಮುಂದೆ, 9 ಹಿಂದೆ. ಓದುವಾಗಲೇ ಇಂಟ್ ಮಾಡು, ಆಮೇಲೆ ಸಾರ್ಟ್.

ಗದಗ_ಲಿನಕ್ಸ್: ಐದು ದರಕ್ಕೆ ಬೈನರಿ ಸರ್ಚ್ ಯಾಕೆ? ಸುಮ್ನೆ ಒಂದೊಂದಾಗಿ ನೋಡಿದರಾಯ್ತು. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಮೊನ್ನೆ 16 ಜಿಬಿ ರ‍್ಯಾಮ್ ಹಾಕಿ ಡೆಬಿಯನ್ ಏರಿಸಿದೆ. 10 ಲಕ್ಷ ಸಾಲಿದ್ದರೂ ಲೆಕ್ಕಕ್ಕಿಲ್ಲ.

ನವನಗರ_ಕೋಡರ್: ನಿಮ್ಮ ರ‍್ಯಾಮ್ ಯಾರು ಕೇಳಿದರು?

ಬ್ಯಾಡಗಿ_ಕಡ್ಡಿ: ಐದು ಬರೀ ಪರೀಕ್ಷೆಗೆ. ಪೂರ್ತಿ ಫೈಲಲ್ಲಿ 3000 ಲಾಟ್ ಇವೆ.

ಹಾವೇರಿ_ಮಾಸ್ತರ: ಹಾಗಾದರೆ ಜಾಸ್ತಿ ಅಂದರೆ 12 ಸಲ ನೋಡಿದರೆ ಸಾಕು.

ಬ್ಯಾಡಗಿ_ಕಡ್ಡಿ: ಮಾಸ್ತರೇ, 9800 ಸಿಕ್ಕಿತು! ಆದರೆ ಪೂರ್ತಿ ಫೈಲ್ ಹಾಕಿದರೆ ವ್ಯಾಲ್ಯೂಎರರ್, ಇದನ್ನು ಸಂಖ್ಯೆ ಮಾಡಲಾಗದು ಅನ್ನುತ್ತದೆ. ಕಾಕಾ ಕೆಲವು ಕಡೆ 12,500 ಅಂತ ಕಾಮಾ ಹಾಕಿದ್ದಾರೆ. ಈಗೇನು ಮಾಡಲಿ?

ಗದಗ_ಲಿನಕ್ಸ್: ಮೊದಲು ಹೇಳು, ಮಿಡ್ ಸಾಲು ಬದಲಿಸಿದೆಯಾ ಇಲ್ವಾ?