ಸ್ಕೈಡೈವಿಂಗ್‌ನಲ್ಲಿ ಹಕ್ಕಿ ಬಡಿಯುವ ಅಪಾಯ ಎಷ್ಟು? ಅನುಭವ ಇದ್ದವರು ದಯವಿಟ್ಟು ತಿಳಿಸಿ

ಶಿವಮೊಗ್ಗದವನು: ಮುಂದಿನ ತಿಂಗಳು ಅರಿಜೋನಾದ ಇಲಾಯ್‌ನಲ್ಲಿ ಎಎಫ್‌ಎಫ್ ತರಬೇತಿಗೆ, ಎಂದರೆ ಬೋಧಕರು ಜೊತೆಗೇ ಜಿಗಿದು ಕಲಿಸುವ ಸ್ಕೈಡೈವಿಂಗ್ ಕೋರ್ಸಿಗೆ, ಸೇರುತ್ತಿದ್ದೇನೆ. 13,000 ಅಡಿಯಿಂದ ಜಿಗಿದು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುವಾಗ ಹದ್ದು ಅಡ್ಡ ಬಂದರೆ ಗತಿಯೇನು ಎಂದು ಅಮ್ಮ ದಿನವೂ ಫೋನಿನಲ್ಲಿ ಕೇಳುತ್ತಾರೆ. ನನ್ನ ಬಳಿ ಉತ್ತರವಿಲ್ಲ. ನಾನು ಕನ್ನಡಕ ಹಾಕುವವನು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನು ಈಗಲೇ ಕೊಳ್ಳಬೇಕೇ, ಹಕ್ಕಿಗಳ ಕಾಟ ಕಡಿಮೆ ಇರುವ ಹೊತ್ತು ಯಾವುದು ಎಂಬುದನ್ನು ದಯವಿಟ್ಟು ತಿಳಿಸಿ.

ಸಾಗರದ ಹುಡುಗಿ, ಕ್ಯಾಲಿಫೋರ್ನಿಯಾ: ನನಗೆ ಹಕ್ಕಿ ಬಡಿಯಲಿಲ್ಲ, ಬಡಿದೀತು ಎಂಬ ಹೆದರಿಕೆಯೇ ಕಾಲು ಮುರಿಯಿತು. ಅದು ನನ್ನ 41ನೆಯ ಜಿಗಿತ. ಪ್ಯಾರಾಚೂಟ್ ಸರಿಯಾಗಿ ತೆರೆದು, ಇಳಿಯುವ ಸುತ್ತಿನ ಕೊನೆಯ ತಿರುವನ್ನೂ ಮುಗಿಸಿ, ನೆಲದಿಂದ ನೂರಡಿ ಎತ್ತರದಲ್ಲಿದ್ದಾಗ ಹುಲ್ಲಿನಿಂದ ಕಪ್ಪು ಹಕ್ಕಿಗಳ ಹಿಂಡೊಂದು ಒಮ್ಮೆಲೇ ಎದ್ದು ನನ್ನ ಮುಖದ ನೇರಕ್ಕೆ ಬಂದಿತು. ಯೋಚಿಸುವ ಮೊದಲೇ ಬಲಗೈ, ಪ್ಯಾರಾಚೂಟ್ ತಿರುಗಿಸುವ ಹಿಡಿಯಾದ ಟಾಗಲ್ಲನ್ನು ಸೊಂಟದವರೆಗೆ ಎಳೆದುಬಿಟ್ಟಿತ್ತು. ಅಷ್ಟು ಕೆಳಗೆ ಹಾಗೆ ಎಳೆದರೆ ಪ್ಯಾರಾಚೂಟ್ ಒಂದೇ ಬದಿಗೆ ತಿರುಗಿ ನೆಲಕ್ಕೆ ಧುಮುಕುತ್ತದೆಂದು ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಹಿಂಡು ಇಬ್ಭಾಗವಾಗಿ ನನ್ನ ಎರಡೂ ಪಕ್ಕದಲ್ಲಿ ಹಾದುಹೋಯಿತು. ಒಂದು ಗರಿಯೂ ತಾಗಲಿಲ್ಲ. ಪಾದದ ಕೀಲಿಗೆ ಒಂದು ಪ್ಲೇಟು, ಏಳು ಸ್ಕ್ರೂ. ಆಂಬ್ಯುಲೆನ್ಸಿಗೆ 1,840 ಡಾಲರ್, ಆರೋಗ್ಯ ವಿಮೆ ಕೊಟ್ಟದ್ದನ್ನು ಕಳೆದು ನನ್ನ ಕೈಯಿಂದ 6,200 ಡಾಲರ್, ಊರುಗೋಲಿಗೆ 38 ಡಾಲರ್, ನಾಲ್ಕು ತಿಂಗಳು ಟ್ಯಾಕ್ಸಿಗೆ ಸುರಿದದ್ದು ಬೇರೆ. ಸ್ಕೈಡೈವಿಂಗ್ ಸಂಘದ ಸದಸ್ಯತ್ವದೊಂದಿಗೆ ಬರುವ ವಿಮೆ ನಮ್ಮಿಂದ ಇತರರಿಗಾಗುವ ಹಾನಿಗೆ ಮಾತ್ರ, ನಮ್ಮ ಮೂಳೆಗಲ್ಲ ಎಂಬುದು ಆಸ್ಪತ್ರೆಯ ಹಾಸಿಗೆಯ ಮೇಲೆ ತಿಳಿಯಿತು. 460 ಡಾಲರ್ ಕೊಟ್ಟು ಕೊಂಡಿದ್ದ ಮುಖ ಮುಚ್ಚುವ ಹೆಲ್ಮೆಟ್ಟಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ನಿವೃತ್ತ ಹವಾಲ್ದಾರ್, ಕೊಡಗು: ಮೇಡಂ ಅವರ ಕಾಲಿನ ಸುದ್ದಿ ಕೇಳಿ ಬೇಸರವಾಯಿತು, ಆದರೆ ತಪ್ಪು ತರಬೇತಿಯದು, ಹಕ್ಕಿಯದಲ್ಲ. ನಾನು ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲಿನಲ್ಲಿ ಕಲಿತವನು. ಅಲ್ಲಿ ಸುಮಾರು 1,250 ಅಡಿಯಿಂದ ಜಿಗಿಯುತ್ತೇವೆ, ವಿಮಾನಕ್ಕೆ ಕೊಂಡಿ ಹಾಕಿದ ಸ್ಟ್ಯಾಟಿಕ್ ಲೈನೇ ಪ್ಯಾರಾಚೂಟ್ ಬಿಚ್ಚುತ್ತದೆ, ಹಕ್ಕಿ ನೋಡುತ್ತ ಕೂರಲು ಪುರಸೊತ್ತಿರುವುದಿಲ್ಲ. ಮಾಲ್‌ಪುರದ ಬಯಲಿನ ಮೇಲೆ ಹದ್ದುಗಳು ನಮ್ಮ ನಡುವೆಯೇ ಸುತ್ತುತ್ತಿದ್ದವು. ಪ್ರತಿ ಸಲವೂ ಅವೇ ಪಕ್ಕಕ್ಕೆ ಸರಿದವು. ನನಗೆ ಪೆಟ್ಟು ಕೊಟ್ಟದ್ದು ಗಾಳಿಪಟ. ಗಾಳಿಗೆ ಬಯಲಿನ ಅಂಚಿಗೆ ತೇಲಿಹೋಗಿದ್ದಾಗ ಕಡಿದುಬಂದ ಯಾವುದೋ ಪಟದ ಮಾಂಜಾ ಎಡಗಿವಿಯ ಕೆಳಗೆ ಸವರಿಕೊಂಡು ಹೋಯಿತು. ನೆಲಕ್ಕುರುಳಿ ಎದ್ದ ಮೇಲೆ ಕಾಲರ್ ಒದ್ದೆಯಾಗಿರುವುದನ್ನು ಕಂಡು ಬೆವರೆಂದುಕೊಂಡೆ. ಜೊತೆಗಾರನ ಮುಖ ನೋಡಿದಾಗಲೇ ಗೊತ್ತಾದದ್ದು. ಒಂಬತ್ತು ಹೊಲಿಗೆ ಬಿದ್ದವು. ಅದು ಹತ್ತಿ ದಾರಕ್ಕೆ ಗಾಜುಪುಡಿ ಬಳಿದ ಹಳೆಯ ಮಾಂಜಾ. ಈಗಿನ ನೈಲಾನ್ ದಾರವಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ನಿಷೇಧಿಸಿತು. ಮಾರುವವರು ಇಂದಿಗೂ ಮಾರುತ್ತಿದ್ದಾರೆ.

ಮಾಗಡಿ ಕೆರೆ ವೀಕ್ಷಕ, ಗದಗ: ಹಕ್ಕಿಗಳು ಯಾವಾಗಲೂ ಸರಿದುಕೊಳ್ಳುತ್ತವೆ ಎಂಬುದು ಅರ್ಧ ಸತ್ಯ. ಮೆಲ್ಲಗೆ ತೇಲಿಬರುವ ಪ್ಯಾರಾಚೂಟನ್ನು ಕಂಡು ಸರಿದ ಹದ್ದೇ ಬೆನ್ನ ಮೇಲಿಂದ ಬರುವ ವೇಗದ ವಸ್ತುವನ್ನು ಕಾಣದೇ ಹೋಗಬಹುದು. ವಿಮಾನಗಳಿಗೆ ಹಕ್ಕಿ ಬಡಿದ ಪ್ರಕರಣಗಳಲ್ಲಿ ಬಹುಪಾಲು ನೆಲಕ್ಕೆ ಹತ್ತಿರದಲ್ಲಿ, 3,500 ಅಡಿಗಿಂತ ಕೆಳಗೇ ನಡೆದಿವೆ; ನಿಮ್ಮ ಪ್ಯಾರಾಚೂಟ್ ತೆರೆದಿರುವುದೂ ಸರಿಸುಮಾರು ಅಲ್ಲಿಯೇ. ಹಾಗೆಂದು ಮೇಲೆ ಆಕಾಶ ಖಾಲಿ ಎಂದು ತಿಳಿಯಬೇಡಿ: 1973ರಲ್ಲಿ ಪಶ್ಚಿಮ ಆಫ್ರಿಕಾದ ಆಬಿಜಾನ್ ಮೇಲೆ 37,000 ಅಡಿಯಲ್ಲಿ ವಿಮಾನವೊಂದಕ್ಕೆ ರಣಹದ್ದು ಬಡಿದ ದಾಖಲೆಯಿದೆ. ನಮ್ಮ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಹೊಲಕ್ಕೆ ಮೇಯಲು ಹೋಗುವ ಹೊತ್ತಿನಲ್ಲಿ ಕೆರೆಯ ಮೇಲಿನ ಗಾಳಿಯಲ್ಲಿ ಯಾರೂ ಇರಬಾರದು. ಎರಡು ಕೆಜಿಗೂ ಹೆಚ್ಚು ತೂಗುವ ಹಕ್ಕಿ ಅದು. ಹೆಲ್ಮೆಟ್ ಕೊಳ್ಳುವ ಮೊದಲು ಅಲ್ಲಿನ ಹಕ್ಕಿಗಳ ದಿನಚರಿ ತಿಳಿದುಕೊಳ್ಳಿ.

ಬೀರ್ ಬಿಲ್ಲಿಂಗ್‌ನ ಹಾಸನದವ: ನೆಲದ ಮೇಲೆ ಬೈನಾಕ್ಯುಲರ್ ಹಿಡಿದು ನಿಂತವರು ಗಾಳಿಯಲ್ಲಿರುವವರಿಗೆ ಪಾಠ ಹೇಳುವುದು ಸುಲಭ. ನಾನು 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಹಿಮಾಚಲದ ಈ ಗುಡ್ಡದಿಂದಲೇ ಆರು ವರ್ಷದಿಂದ ಹಾರುತ್ತಿದ್ದೇನೆ. ರಣಹದ್ದುಗಳು ಎಲ್ಲಿ ಸುತ್ತುತ್ತವೆಯೋ ಅಲ್ಲಿ ಥರ್ಮಲ್, ಎಂದರೆ ನಮ್ಮನ್ನು ಮೇಲಕ್ಕೆತ್ತುವ ಬಿಸಿಗಾಳಿ, ಇರುತ್ತದೆ. ಅವುಗಳಿಂದ ದೂರವಿರಿ ಎಂದರೆ ಹಾರಲೇಬೇಡಿ ಎಂದಂತೆ. ಹೌದು, ಒಮ್ಮೆ ಕೆಟ್ಟಿತು. ಎಳೆಯ ರಣಹದ್ದೊಂದು ನನ್ನ ಎಡಭಾಗದ ದಾರಗಳಿಗೆ ಸಿಕ್ಕಿಕೊಂಡಿತು. ರೆಕ್ಕೆ ಬಡಿಯುವ ಸದ್ದು ಒದ್ದೆ ಕಂಬಳಿ ಝಾಡಿಸಿದಂತಿತ್ತು, ನಾಲ್ಕೈದು ಸೆಕೆಂಡಿನಲ್ಲಿ ಅದು ಬಿಡಿಸಿಕೊಂಡು ಹೋಯಿತು, ನನ್ನ ಗ್ಲೈಡರ್ ಮಾತ್ರ ಅರ್ಧ ಮಡಚಿಕೊಂಡಿತು. ರಿಸರ್ವ್ ಪ್ಯಾರಾಚೂಟ್ ಎಸೆದು ದೇವದಾರು ಮರದ ಮೇಲೆ ಕುಳಿತೆ. ಇಳಿಸಲು ಬಂದ ಆರು ಜನರಿಗೆ 9,000 ರೂಪಾಯಿ, ಹೊಸ ದಾರಗಳಿಗೆ 36,000, ಹರಿದ ಬಟ್ಟೆಗೆ 14,500, ಕೊರಿಯರ್ ಎರಡು ಸಲ. ಪಾರ್ಸೆಲ್ ಮೂರು ವಾರ ದೆಹಲಿಯಲ್ಲಿ ಬಿದ್ದಿದ್ದರಿಂದ ಇಡೀ ಅಕ್ಟೋಬರ್ ಕೈಬಿಟ್ಟುಹೋಯಿತು. ಆದರೂ ಹಕ್ಕಿಯನ್ನು ದೂರುವುದಿಲ್ಲ. ಅದರ ಸುತ್ತಿನೊಳಗೆ ಎದುರು ದಿಕ್ಕಿನಿಂದ ನುಗ್ಗಿದವನು ನಾನು.

ಮಾಗಡಿ ಕೆರೆ ವೀಕ್ಷಕ, ಗದಗ: ತಪ್ಪು ನಿಮ್ಮದೆಂದು ನೀವೇ ಬರೆದಿದ್ದೀರಿ, ಬೈನಾಕ್ಯುಲರ್ ಹಿಡಿದವನ ಪಾಠವೂ ಅಷ್ಟೇ ಆಗಿತ್ತು. ಆ ರಣಹದ್ದಿನ ಕಾಲಿಗೆ ಏನಾಯಿತೆಂದು ನೋಡಿದಿರಾ? ಖರ್ಚಿನ ಪಟ್ಟಿಯಲ್ಲಿ ಅದು ಕಾಣಲಿಲ್ಲ.

ಬೀರ್ ಬಿಲ್ಲಿಂಗ್‌ನ ಹಾಸನದವ: ಮರದ ತುದಿಯಲ್ಲಿ ನೇತಾಡುತ್ತಿದ್ದವನು ಹಕ್ಕಿಯ ಕಾಲು ಹುಡುಕಬೇಕಿತ್ತೇ, ಸ್ವಾಮಿ? ಮೂಲ ಪ್ರಶ್ನೆಗೇ ಬರುತ್ತೇನೆ. ಹಕ್ಕಿಯನ್ನು ಬಿಡಿ, 2012ರಲ್ಲಿ ನಾರ್ವೆಯ ಸ್ಕೈಡೈವರ್ ಒಬ್ಬರ ಪಕ್ಕದಲ್ಲೇ ಉಲ್ಕೆ ಹಾದುಹೋಗಿದೆ, ವಿಡಿಯೊ ಇದೆ. ಅದಕ್ಕೆ ಯಾವ ಹೆಲ್ಮೆಟ್ ಹಾಕುತ್ತೀರಿ?

ಸಾಗರದ ಹುಡುಗಿ, ಕ್ಯಾಲಿಫೋರ್ನಿಯಾ: ಆ ವಿಡಿಯೊ 2014ರಲ್ಲಿ ಹೊರಬಂದು ಲೋಕವೆಲ್ಲ ಕುಣಿಯಿತು, ಕೆಲವೇ ದಿನಗಳಲ್ಲಿ, ಅದು ಮಡಚುವಾಗ ಪ್ಯಾರಾಚೂಟಿನೊಳಗೆ ಸೇರಿಕೊಂಡಿದ್ದ ಸಣ್ಣ ಕಲ್ಲಾಗಿರುವುದೇ ಹೆಚ್ಚು ಸಂಭವ ಎಂಬ ತೀರ್ಮಾನಕ್ಕೆ ಬರಲಾಯಿತು. ಜಲ್ಲಿಯ ಮೇಲೆ ಪ್ಯಾರಾಚೂಟ್ ಮಡಚಬಾರದು ಎಂಬುದಷ್ಟೇ ಅದರಲ್ಲಿ ಕಲಿಯುವುದು. ನಿಜವಾಗಿ ಹೆದರಬೇಕಾದ ವಸ್ತುವಿಗೆ ಎಂಜಿನ್ ಇರುತ್ತದೆ. ಅದೇ 2014ರ ಮಾರ್ಚ್‌ನಲ್ಲಿ ಫ್ಲಾರಿಡಾದಲ್ಲಿ ಇಳಿಯುತ್ತಿದ್ದ ಸ್ಕೈಡೈವರ್ ಒಬ್ಬರ ಪ್ಯಾರಾಚೂಟಿಗೆ ಸಣ್ಣ ಸೆಸ್ನಾ ವಿಮಾನವೊಂದು ಸಿಕ್ಕಿಕೊಂಡು ಇಬ್ಬರೂ ನೆಲಕ್ಕೆ ಬಿದ್ದರು. ಇಬ್ಬರೂ ಬದುಕಿದ್ದು ಪುಣ್ಯ. ಅದಕ್ಕಿಂತಲೂ ಹೆಚ್ಚಾಗಿ ನಾವು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತೇವೆ.

ನಿವೃತ್ತ ಹವಾಲ್ದಾರ್, ಕೊಡಗು: ಸೇನೆಯಲ್ಲಿ ಒಂದೇ ವಿಮಾನದಿಂದ ಸಾಲಾಗಿ ಎಷ್ಟೋ ಜನ ಜಿಗಿದರೂ ಯಾರೂ ಹೀಗೆ ಗೋಳಾಡುವುದಿಲ್ಲ.

ಶಿವಮೊಗ್ಗದವನು: ಎಲ್ಲರಿಗೂ ಧನ್ಯವಾದಗಳು. ಕನ್ನಡಕದ ವಿಷಯವನ್ನೂ ಹೊತ್ತಿನ ವಿಷಯವನ್ನೂ ಯಾರೂ ಹೇಳಲಿಲ್ಲ.

ಸಾಗರದ ಹುಡುಗಿ, ಕ್ಯಾಲಿಫೋರ್ನಿಯಾ: ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಗಾಗಲ್ ಸಿಗುತ್ತದೆ, ಕಲಿಯುವಾಗ ಅದು ಸಾಕು, ಹೆಲ್ಮೆಟ್ಟನ್ನು ಆಮೇಲೆ ಕೊಳ್ಳಿ. ಹವಾಲ್ದಾರ್ ಅವರೇ, ಗೋಳಾಡಿದ್ದು ಯಾರು? ನಿಮ್ಮ ಒಂಬತ್ತು ಹೊಲಿಗೆಯನ್ನು ಎಣಿಸಿ ಹೇಳಿದವರು ನೀವೇ.