ವಿದೇಶದಲ್ಲಿ ಓದಿ ಬಂದ ಮೇಲೆ ಪರೀಕ್ಷೆಗೆ ಕೂರಲು ಮನಸ್ಸೇ ಬರುತ್ತಿಲ್ಲ. ನೀವು ಹೇಗೆ ಸಂಭಾಳಿಸಿದಿರಿ?

ಪ್ರಶ್ನೆ
ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬಂದೆ. ಈಗ ನಮ್ಮ ಕಾಲೇಜಿನ ಪರೀಕ್ಷೆ ತಲೆ ಮೇಲಿದೆ. ಪುಸ್ತಕ ತೆಗೆದರೆ ಸಾಕು, ಅಲ್ಲಿನ ಲೈಬ್ರರಿ, ಹಾಸ್ಟೆಲ್ ಗೆಳೆಯರು, ರಾತ್ರಿಯ ಹರಟೆ ಎಲ್ಲ ನೆನಪಾಗುತ್ತದೆ. ಒಂದು ಪುಟವೂ ಮುಗಿಯುವುದಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಅರ್ಥಶಾಸ್ತ್ರ ಓದಿದವರು
ಆಗಿದೆ. ತುಂಬಾ ಜನರಿಗೆ ಆಗುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ರಿವರ್ಸ್ ಕಲ್ಚರ್ ಶಾಕ್ ಅಂತಾರಲ್ಲ, ಹೊರದೇಶದಿಂದ ವಾಪಸ್ ಬಂದ ಮೇಲೆ ನಮ್ಮ ಊರಿಗೇ ಮತ್ತೆ ಹೊಂದಿಕೊಳ್ಳಲು ಕಷ್ಟವಾಗುವುದು, ಅದೇ ಇದು. 1963ರಲ್ಲೇ ಗಲ್ಲಾಹಾರ್ನ್ ಅನ್ನುವ ಸಂಶೋಧಕ ದಂಪತಿ ಇದರ ಬಗ್ಗೆ ಬರೆದಿದ್ದಾರೆ. ಹೊರಗೆ ಹೋದಾಗ ಮನಸ್ಸು ಒಮ್ಮೆ ಕುಸಿದು ಏಳುತ್ತದೆ, ವಾಪಸ್ ಬಂದಾಗ ಇನ್ನೊಮ್ಮೆ. ಗೆರೆ ಎಳೆದರೆ ಡಬ್ಲ್ಯೂ ಅಕ್ಷರದ ಹಾಗೆ ಕಾಣುತ್ತದೆ ಅನ್ನುವುದು ಅವರ ಮಾತು. ಎಲ್ಲರ ಗೆರೆಯೂ ಅಷ್ಟು ನೀಟಾಗಿರುವುದಿಲ್ಲ, ಬಿಡಿ. ಆದರೆ ಹೋಗುವಾಗ ಕಷ್ಟವಾಗುತ್ತದೆ ಅಂತ ಸಿದ್ಧರಾಗಿ ಹೋಗಿರುತ್ತೇವೆ. ಬರುವಾಗ ಯಾರು ಸಿದ್ಧರಾಗುತ್ತಾರೆ?

'ನೆನಪು ಬರಲೇಬಾರದು' ಅಂತ ಹಟ ಹಿಡಿಯಬೇಡಿ. ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ ಅಂದರೆ ಜನರಿಗೆ ಅದೇ ಕರಡಿ ಮತ್ತೆ ಮತ್ತೆ ಬಂತು. ಆಮೇಲೆ 'ಈಗ ಯೋಚಿಸಿ' ಅಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೆ ಇನ್ನೂ ಜಾಸ್ತಿ ಬಂತು.

ನಾನು ಪುಸ್ತಕದ ಪಕ್ಕದಲ್ಲಿ ಒಂದು ರಫ್ ಹಾಳೆ ಇಟ್ಟುಕೊಳ್ಳುತ್ತಿದ್ದೆ. ನೆನಪು ಬಂದರೆ ಅದರ ಹೆಸರು ಮಾತ್ರ ಬರೆಯುವುದು. 'ಟ್ರಾಮ್', 'ಕಿಟಕಿ', 'ಆ ಜಗಳ'. ಬರೆದು ಓದು ಮುಂದುವರಿಸುವುದು. ಸಂಜೆ ಅರ್ಧ ಗಂಟೆ ಹಾಳೆ ಹಿಡಿದು ಕೂತು ಬೇಕಾದಷ್ಟು ನೆನೆಯುವುದು, ಫೋಟೋ ನೋಡುವುದು. ಎಷ್ಟೋ ಸಲ ಸಂಜೆ ಹೊತ್ತಿಗೆ 'ಕಿಟಕಿ' ಅಂದರೆ ಯಾವ ಕಿಟಕಿ ಅಂತಲೇ ಗೊತ್ತಾಗುತ್ತಿರಲಿಲ್ಲ! ಓದುವ ಮುಂಚೆ ಫೋಟೋ ನೋಡಲೇಬೇಡಿ, ನೋಡಿದರೆ ಆ ದಿನ ಕೈಬಿಟ್ಟ ಹಾಗೆಯೇ. ಗೂಗಲ್ ಫೋಟೋಸ್ ತಾನಾಗಿ ಹಳೆ ಚಿತ್ರ ಎತ್ತಿ ತೋರಿಸುತ್ತದಲ್ಲ, ಅದರ ಸೆಟ್ಟಿಂಗ್ಸ್‌ನಲ್ಲಿ ಆ ತಿಂಗಳುಗಳ ದಿನಾಂಕ ಕೊಟ್ಟು ಮರೆಮಾಡಬಹುದು. ಚಿತ್ರ ಎಲ್ಲೂ ಹೋಗುವುದಿಲ್ಲ.

ಕೊನೆ ವರ್ಷದ ಇಂಜಿನಿಯರಿಂಗ್
ನೆನಪಿನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ ಅಂತ ನಾನು ಹೇಳುತ್ತೇನೆ. ನನಗೆ ನಿಜವಾಗಿ ತೊಂದರೆ ಕೊಟ್ಟದ್ದು ಪರೀಕ್ಷೆಯ ರೀತಿ. ಅಲ್ಲಿ ವಾರ ವಾರ ಅಸೈನ್‌ಮೆಂಟ್, ಗುಂಪಿನಲ್ಲಿ ಪ್ರಾಜೆಕ್ಟ್, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ. ಇಲ್ಲಿ ಮೂರು ಗಂಟೆ, ಎಲ್ಲವೂ ತಲೆಯಿಂದಲೇ ಬರಬೇಕು. ಅಲ್ಲಿ 'ನೀನೇನು ಹೇಳುತ್ತೀಯ' ಅಂತ ಕೇಳುತ್ತಾರೆ. ಇಲ್ಲಿ ವ್ಯಾಖ್ಯೆ ಎಲ್ಲಿ, ಚಿತ್ರ ಎಲ್ಲಿ, ಪಾಯಿಂಟ್ ಎಷ್ಟು ಅಂತ ನೋಡುತ್ತಾರೆ. ಯಾವುದು ಮೇಲು ಅನ್ನುವ ವಾದ ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳೋಣ.

ಅಲ್ಲಿ ಮಾಡುತ್ತಿದ್ದ ಹಾಗೆ ಸಾಲುಗಳಿಗೆ ಬಣ್ಣ ಹಚ್ಚಿಕೊಂಡು ಓದಿ ಓದಿ ಬಿಟ್ಟರೆ ಇಲ್ಲಿ ಸಾಲದು. ಪುಸ್ತಕ ಮುಚ್ಚಿ ಬರೆಯಬೇಕು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಮುಂದು. ಓದುತ್ತಾ ಕೂತಾಗ ಎಲ್ಲ ಗೊತ್ತಿದೆ ಅನ್ನಿಸುವುದೇ ಮೋಸ.

ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಟ್ಟು, ಪೆನ್ನಿನಲ್ಲಿ ಬರೆಯಿರಿ. ತಿಂಗಳುಗಟ್ಟಲೆ ಲ್ಯಾಪ್‌ಟಾಪಿನಲ್ಲೇ ಟೈಪ್ ಮಾಡಿದ ಕೈ ಎರಡನೇ ಗಂಟೆಗೆ ಹೆಬ್ಬೆರಳ ಬುಡದಲ್ಲಿ ಹಿಡಿದುಕೊಳ್ಳುತ್ತದೆ. ಅದು ಪರೀಕ್ಷೆಯ ದಿನ ಗೊತ್ತಾಗುವುದು ಬೇಡ. ಇನ್ನೊಂದು ಲಾಭ ಇದೆ. ಸುಮ್ನೆ ಓದುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಬರೆಯುವಾಗ ಅಷ್ಟು ಹೋಗುವುದಿಲ್ಲ.

ಕಾಮರ್ಸ್, ಎಕ್ಸ್‌ಚೇಂಜ್ ಮುಗಿಸಿದವರು
ಅಲ್ಲಿ ಓದಿದ್ದಕ್ಕೆ ಸಿಕ್ಕ ಕ್ರೆಡಿಟ್ ಇಲ್ಲಿನ ಲೆಕ್ಕಕ್ಕೆ ಸೇರುವ ವಿಷಯ ಬಗೆಹರಿದಿದೆಯಾ? ಅದು ಬಾಕಿ ಇದ್ದರೆ ತಲೆಯ ಒಂದು ಮೂಲೆ ಅಲ್ಲೇ ಇರುತ್ತದೆ. ಓದಿನ ಹೊರೆಯನ್ನು ಕ್ರೆಡಿಟ್‌ನಲ್ಲಿ ಅಳೆಯುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ತಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30. ಅದು ನಿಮ್ಮ ಕಾಲೇಜಿನ ಲೆಕ್ಕಕ್ಕೆ ತಾನಾಗಿ ಬಂದು ಕೂರುವುದಿಲ್ಲ. ಅಂಕಪಟ್ಟಿ, ಪಠ್ಯಕ್ರಮದ ಪ್ರತಿ, ಹೋಗುವ ಮುಂಚೆ ಸಹಿ ಮಾಡಿಸಿದ ಒಪ್ಪಂದ, ಮೂರನ್ನೂ ಒಟ್ಟಿಗೆ ಕೊಟ್ಟು ಸ್ವೀಕೃತಿ ಪತ್ರ ತಗೊಳ್ಳಿ. ಪರೀಕ್ಷೆಗೆ ಮುಂಚೆ ಆಗದಿದ್ದರೆ ಯಾವ ದಿನ ಯಾರ ಹತ್ತಿರ ಹೋಗುವುದು ಅಂತ ಬರೆದಿಟ್ಟುಬಿಡಿ. ಅಷ್ಟಕ್ಕೇ ತಲೆ ಎಷ್ಟೋ ಹಗುರಾಗುತ್ತದೆ.

ಬಿ.ಎ. ವಿದ್ಯಾರ್ಥಿನಿ
ಅಲ್ಲಿನ ಗೆಳೆಯರ ಗ್ರೂಪ್ ಬಿಡಬೇಡಿ, ಮ್ಯೂಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ 8 ಗಂಟೆ, 1 ವಾರ, ಯಾವಾಗಲೂ ಅಂತ ಮೂರು ಆಯ್ಕೆ ಇವೆ. ಅವರ ಸಂಜೆ ನಮ್ಮ ನಡುರಾತ್ರಿ ಆಗಿದ್ದರೆ ನಿದ್ದೆ ಹಾಳಾಗುವುದು ಅಲ್ಲೇ. 'ಪರೀಕ್ಷೆ ಇದೆ, ಮುಗಿದ ಮೇಲೆ ಬರುತ್ತೇನೆ' ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಪರೀಕ್ಷೆ ಇರುತ್ತೆ ಅಲ್ವಾ?

ನರ್ಸಿಂಗ್ ಓದುತ್ತಿರುವವರು
ಮೊದಲನೆಯವರು ಹೇಳಿದ ಅರ್ಧ ಗಂಟೆ ನನಗೆ ಹಿಡಿಸಲಿಲ್ಲ. ಅರ್ಧ ಗಂಟೆ ಎರಡು ಗಂಟೆ ಆಗುತ್ತಿತ್ತು. ನಾನು ಅಲ್ಲಿನ ಗೆಳತಿಯ ಜೊತೆ ವಿಡಿಯೋ ಕಾಲ್ ಹಾಕಿಕೊಂಡೇ ಓದಿದೆ. ಕ್ಯಾಮೆರಾ ಆನ್, ಮೈಕ್ ಆಫ್. ಅವಳ ವಿಷಯ ಅವಳಿಗೆ, ನನ್ನದು ನನಗೆ. ಬ್ರೇಕ್‌ನಲ್ಲಿ ಮಾತ್ರ ಮಾತು. ಅವಳು ತಲೆ ಎತ್ತದೆ ಬರೆಯುತ್ತಿರುವುದನ್ನು ನೋಡಿದರೆ ನನಗೂ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ.

ಒಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರ ಹತ್ತಿರವೂ ಮಾತು ಬೇಡ ಅನ್ನಿಸಿದರೆ ಅದನ್ನು ಬರೀ ನೆನಪು ಅಂತ ತಳ್ಳಿಹಾಕಬೇಡಿ. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದರೆ ಪರೀಕ್ಷೆ ಮುಗಿಯಲಿ ಅಂತ ಕಾಯದೆ ಈಗಲೇ ಹೋಗಿ, ಇಲ್ಲದಿದ್ದರೆ ವೈದ್ಯರನ್ನು ಕಾಣಿ.